ಮೆಚ್ಚುಗೆಯ ಉದ್ಗಾರಗಳು

ಕಂಡದ್ದು, ಕೇಳಿದ್ದು, ಉಂಡದ್ದು ಮನಸ್ಸಿಗೆ ಹಿಡಿಸಿದಾಗ ಆ ಕ್ಷಣದಲ್ಲೇ ಬಾಯಿಂದ ಹೊರಡುವ, ಪೂರ್ಣ ವಾಕ್ಯದ ಹಂಗಿಲ್ಲದೆ ಅರ್ಥ ಕೊಡುವ ಪದ ಅಥವಾ ನುಡಿಗಟ್ಟನ್ನು ಮೆಚ್ಚುಗೆಯ ಉದ್ಗಾರ ಎನ್ನುತ್ತಾರೆ. ಭಲೇ, ಭೇಷ್, ಶಹಬ್ಬಾಸ್, ಸೈ, ಆಹಾ, ಸಖತ್, ಸೂಪರ್, ಒನ್ಸ್ ಮೋರ್ ಮುಂತಾದವು ಕನ್ನಡದಲ್ಲಿ ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಅಚ್ಚಗನ್ನಡದವು ಕಡಿಮೆ. ಪ್ರಾಕೃತ, ಪರ್ಷಿಯನ್, ಅರಬ್ಬಿ, ಮರಾಠಿ ಮತ್ತು ಇಂಗ್ಲಿಷ್‌ಗಳಿಂದ ಬೇರೆ ಬೇರೆ ಕಾಲದಲ್ಲಿ ಬಂದವೇ ಹೆಚ್ಚು. ಈ ಲೇಖನ ಅವುಗಳ ಮೂಲ, ರಚನೆ ಮತ್ತು ಬಳಕೆಯನ್ನು ವಿವರಿಸುತ್ತದೆ. ಆಡುಮಾತಿನ ಉದಾಹರಣೆಗಳನ್ನು ಮುಖ್ಯವಾಗಿ ತುಮಕೂರು, ಗುಬ್ಬಿ, ಕುಣಿಗಲ್ ಹಾಗೂ ಬೆಂಗಳೂರು ಹೆದ್ದಾರಿಯ ಮೇಲಿರುವ ಹಿರೇಹಳ್ಳಿ ಸುತ್ತಿನ ಬಳಕೆಯಿಂದ ಆರಿಸಿಕೊಂಡಿದೆ.

ಪರಿಭಾಷೆ

ಶಾಲಾ ವ್ಯಾಕರಣಗಳು ಭಲೇ, ಭಲಾ, ಆಹಾ, ಅಬ್ಬಾ ಮೊದಲಾದವನ್ನು ಭಾವಸೂಚಕ ಅವ್ಯಯಗಳೆಂದು ಕರೆದು, ಅಯ್ಯೋ, ಛೇ, ಥೂಗಳ ಜೊತೆ ಒಂದೇ ಪಟ್ಟಿಯಲ್ಲಿಡುತ್ತವೆ. ಈ ವಿಂಗಡಣೆ ಮೆಚ್ಚುಗೆಯ ಪದಗಳಿಗೆ ಸಾಲದು. ಸಖತ್, ಪಸಂದು, ಫಸ್ಟ್ ಕ್ಲಾಸ್‌ಗಳು ಒಂಟಿಯಾಗಿ ಉದ್ಗಾರಗಳಾಗುವಂತೆಯೇ ವಿಶೇಷಣವಾಗಿಯೂ ಕ್ರಿಯಾವಿಶೇಷಣವಾಗಿಯೂ ದುಡಿಯುತ್ತವೆ. ಆಹಾ ಎಂಬುದಕ್ಕೆ ಆ ಸೌಲಭ್ಯವಿಲ್ಲ. ‘ಊಟ ಸಖತ್ತಾಗಿದೆ’ ಎನ್ನಬಹುದು, ‘ಊಟ ಆಹಾ ಆಗಿದೆ’ ಎನ್ನುವಂತಿಲ್ಲ.

ವಿಸ್ಮಯವನ್ನೂ ಮೆಚ್ಚುಗೆಯನ್ನೂ ಬೇರೆಯಾಗಿ ನೋಡಬೇಕಾಗುತ್ತದೆ. ಅಬ್ಬಬ್ಬಾ ಎಂಬುದು ಪ್ರವಾಹ ಕಂಡರೂ ಬರುತ್ತದೆ, ಬೆಲೆ ಕೇಳಿದರೂ ಬರುತ್ತದೆ. ಅದರಲ್ಲಿ ಒಪ್ಪಿಗೆ ಇದ್ದೇ ತೀರಬೇಕೆಂದಿಲ್ಲ. ಶಹಬ್ಬಾಸ್ ಎಂಬುದರಲ್ಲಿ, ವ್ಯಂಗ್ಯವಲ್ಲದಿದ್ದರೆ, ಒಪ್ಪಿಗೆ ಇದ್ದೇ ಇರುತ್ತದೆ. ಇವೆರಡರ ನಡುವೆ ನಿಲ್ಲುವುದು ಹಳೇ ಮೈಸೂರು ಸೀಮೆಯ ‘ಎಲಾ ಇವ್ನ!’. ಎದುರಾಳಿಯ ಜಾಣತನಕ್ಕೆ ಬೆರಗಾದ, ಆದರೆ ಪೂರ್ತಿ ಒಪ್ಪಲು ಮನಸ್ಸಿಲ್ಲದ ಸ್ಥಿತಿ ಅದರಲ್ಲಿದೆ. ದೇವರ ಉತ್ಸವದಲ್ಲಿ ಏಳುವ ಉಘೇ ಉಘೇ, ಹರಹರ ಮಹಾದೇವ ಮುಂತಾದ ಜಯಘೋಷಗಳು ಭಕ್ತಿಯ ಆಚರಣೆಗೆ ಸೇರಿದವು. ಅವು ಈ ಲೇಖನದ ವ್ಯಾಪ್ತಿಯಲ್ಲಿಲ್ಲ.

ಮೆಚ್ಚು: ಪದವೂ ಪ್ರಾಚೀನ ದಾಖಲೆಯೂ

‘ಮೆಚ್ಚು’ ದ್ರಾವಿಡ ಮೂಲದ ಧಾತು. ತಮಿಳು, ತೆಲುಗುಗಳಲ್ಲೂ ಇದೇ ರೂಪದಲ್ಲಿ, ಇದೇ ಅರ್ಥದಲ್ಲಿ ಇದೆ. ಹಳಗನ್ನಡದಲ್ಲಿ ಮೆಚ್ಚುವುದೆಂದರೆ ಮನಸ್ಸಿನೊಳಗಿನ ಸಂತೋಷವಷ್ಟೇ ಆಗಿರಲಿಲ್ಲ. ಒಡೆಯನು ಮೆಚ್ಚಿದನೆಂದರೆ ಏನಾದರೂ ಕೊಟ್ಟನೆಂದೇ ಲೆಕ್ಕ.

ಇದಕ್ಕೆ ಸ್ಪಷ್ಟವಾದ ಸಾಕ್ಷಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ (ಶಕ 872, ಅಂದರೆ ಕ್ರಿ.ಶ. 949-50). ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಸತ್ತ. ತನ್ನ ಯೋಧ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ ಬೇಕಾದ್ದನ್ನು ಬೇಡಿಕೋ ಎಂದಾಗ, ಮಣಲೆರ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು ಸೆಣಸಿ, ಎರಡೂ ಸತ್ತವು. ಅದರ ನೆನಪಿಗೆ ಮಣಲೆರ ಕಲ್ಲು ನಿಲ್ಲಿಸಿದ. ನಾಯಿ ಹಂದಿಗಳ ಹೋರಾಟವನ್ನು ಕೆತ್ತಿರುವ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಡೆಯ ಮೆಚ್ಚುವುದು, ಬೇಡಿಕೋ ಎನ್ನುವುದು, ಆಳು ಬೇಡುವುದು, ಒಡೆಯ ಕೊಡುವುದು: ಆ ಕಾಲದ ಮೆಚ್ಚುಗೆಯ ಪೂರ್ತಿ ಕ್ರಮ ಈ ಒಂದು ಕಲ್ಲಿನಲ್ಲೇ ಸಿಗುತ್ತದೆ.

ಪ್ರೇಕ್ಷಕರು ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳುವುದನ್ನು ಭರತನ ನಾಟ್ಯಶಾಸ್ತ್ರ ನಾಟಕದ ಗೆಲುವಿನ ಅಳತೆಯಾಗಿಯೇ ಹಿಡಿದಿದೆ. ಅದರ 27ನೆಯ ಅಧ್ಯಾಯದ ವಿಷಯ ಸಿದ್ಧಿ, ಅಂದರೆ ಪ್ರಯೋಗದ ಗೆಲುವು. ಪ್ರೇಕ್ಷಕರಿಂದ ತೋರುವ ಮಾನುಷೀ ಸಿದ್ಧಿಯಲ್ಲಿ ಮಾತಿನ ಬಗೆ, ಮೈಯ ಬಗೆ ಎಂದು ಎರಡು. ನಗುವಿನ ಹಲವು ಹಂತಗಳು, ಸಾಧು, ಅಹೋ ಎಂಬ ಉದ್ಗಾರಗಳು, ಕರುಣ ಪ್ರಸಂಗದಲ್ಲಿ ‘ಕಷ್ಟ’ ಎಂಬ ಮರುಕದ ನುಡಿ ಮತ್ತು ಸಭೆಯೆಲ್ಲ ಸೇರಿ ಮಾಡುವ ದೊಡ್ಡ ಗದ್ದಲ ಮೊದಲಿನದಕ್ಕೆ ಸೇರುತ್ತವೆ. ಮೈ ನವಿರೇಳುವುದು, ಕುಳಿತಲ್ಲಿಂದ ಏಳುವುದು, ಬಟ್ಟೆಯನ್ನೋ ಉಂಗುರವನ್ನೋ ನಟನಿಗೆ ಕೊಡುವುದು ಎರಡನೆಯದಕ್ಕೆ.

ಕನ್ನಡ ಕಾವ್ಯದಲ್ಲಿ ಇಂಥ ಉದ್ಗಾರಗಳು ಹೇರಳವಾಗಿರುವುದು ಕುಮಾರವ್ಯಾಸನಲ್ಲಿ. ಮಝ, ಭಾಪು, ಭಾಪುರೆ, ಅರರೆ ಮೊದಲಾದವು ಯುದ್ಧಪ್ರಸಂಗಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಷಟ್ಪದಿಯ ಮಾತ್ರೆ ತುಂಬಿಸಲು ಇವು ಅನುಕೂಲವೆಂಬುದು ನಿಜ. ಆದರೆ ಗಮಕಿಯ ಬಾಯಲ್ಲಿ ಕೇಳಿದವರಿಗೆ ಅವು ಬರೀ ಭರ್ತಿಯ ಪದಗಳಲ್ಲವೆಂಬುದು ಗೊತ್ತಾಗುತ್ತದೆ. ಮಝ, ಭಾಪುರೆ ಇಂದಿನ ಮಾತಿನಲ್ಲಿ ಇಲ್ಲ. ‘ಭಳಿರೆ’ ಯಕ್ಷಗಾನ ಪ್ರಸಂಗಗಳ ಭಾಷೆಯಲ್ಲಿ ಉಳಿದಿದೆ. ಭಲೇ, ಭಲಾಗಳು ಮಾತ್ರ ಬಳಕೆಯಲ್ಲೂ ನಿಂತಿವೆ. ಇವುಗಳ ಮೂಲ ಸಂಸ್ಕೃತದ ಭದ್ರ. ಅದು ಪ್ರಾಕೃತದಲ್ಲಿ ಭಲ್ಲ ಆಗಿ, ಹಿಂದಿ ಮರಾಠಿಗಳಲ್ಲಿ ಭಲಾ ಆಯಿತು. 1969ರ ‘ಭಲೇ ರಾಜ’, 1970ರ ‘ಭಲೇ ಜೋಡಿ’, 1972ರ ‘ಭಲೇ ಹುಚ್ಚ’ ಎಂಬ ಚಿತ್ರಗಳ ಹೆಸರುಗಳು ಆ ಕಾಲದಲ್ಲಿ ಈ ಪದಕ್ಕಿದ್ದ ಗಿರಾಕಿಯನ್ನು ತೋರಿಸುತ್ತವೆ.

ಪರ್ಷಿಯನ್ ಮತ್ತು ಅರಬ್ಬಿ ಮೂಲದವು

ಬಿಜಾಪುರದ ಆದಿಲ್‌ಶಾಹಿ, ಬಳಿಕ ಮೊಗಲರು, ಆಮೇಲೆ ಹೈದರ್ ಮತ್ತು ಟಿಪ್ಪು, ಈ ಮೂರೂ ಆಡಳಿತಗಳಲ್ಲಿ ಪರ್ಷಿಯನ್ ಕಚೇರಿಯ ಭಾಷೆಯಾಗಿತ್ತು. ತುಮಕೂರು ಜಿಲ್ಲೆಗೆ ಇದು ದೂರದ ಸಂಗತಿಯಲ್ಲ. ಮೊಗಲರು 1687ರಲ್ಲಿ ಸ್ಥಾಪಿಸಿದ ಸುಬಾದ (ಪ್ರಾಂತ್ಯದ) ಕೇಂದ್ರ ಇದೇ ಜಿಲ್ಲೆಯ ಶಿರಾ. 1761ರಲ್ಲಿ ಅದು ಹೈದರನ ವಶವಾಯಿತು. ತಾಲ್ಲೂಕು, ಅಮಲ್ದಾರ, ಶಿರಸ್ತೇದಾರ, ಜಮಾಬಂದಿಗಳು ಕಾಗದಪತ್ರದ ಮೂಲಕ ಬಂದರೆ, ಮೆಚ್ಚುಗೆಯ ಪದಗಳು ದಖನಿ ಉರ್ದು ಆಡುವವರ ಒಡನಾಟದಿಂದಲೂ ಬಂದವು.

ಶಹಬ್ಬಾಸ್: ಪರ್ಷಿಯನ್‌ನ ‘ಶಾದ್ ಬಾಶ್’, ಅಂದರೆ ‘ಸಂತೋಷವಾಗಿರು’, ಸವೆದು ‘ಶಾಬಾಶ್’ ಆಯಿತು. ಕನ್ನಡದಲ್ಲಿ ಶಾಬಾಸ್, ಶಭಾಷ್, ಶಹಬ್ಬಾಸ್ ಎಂಬ ರೂಪಗಳಿವೆ. ‘ಗಿರಿ’ ಪ್ರತ್ಯಯ ಸೇರಿ ಹುಟ್ಟಿದ ‘ಶಹಬ್ಬಾಸ್‌ಗಿರಿ’ಗೆ ಹೊಗಳಿಕೆಯ ಪಾಲು ಎಂಬರ್ಥ. ದುಡಿದವನೊಬ್ಬ, ಶಹಬ್ಬಾಸ್‌ಗಿರಿ ಗಿಟ್ಟಿಸಿದವನೊಬ್ಬ ಎಂಬಂತೆ ಪತ್ರಿಕೆಗಳಲ್ಲಿ ಬಳಕೆಯಾಗುತ್ತದೆ.

ಭೇಷ್: ‘ಹೆಚ್ಚು’ ಎಂಬರ್ಥದ ಪರ್ಷಿಯನ್ ‘ಬೇಶ್’ನಿಂದ ಬಂದದ್ದು. ಮೂಲದಲ್ಲಿಲ್ಲದ ಮಹಾಪ್ರಾಣ ಕನ್ನಡದ ಬರವಣಿಗೆಯಲ್ಲಿ ಸೇರಿಕೊಂಡಿದೆ. ಸಂಗೀತ ಕಚೇರಿಗಳಲ್ಲಿ ತಿಳಿದವರ ಪದವೆಂಬ ಗೌರವ ಇದಕ್ಕಿದೆ. ಧಾರವಾಡ, ಹುಬ್ಬಳ್ಳಿಗಳ ಹಿಂದೂಸ್ತಾನಿ ಬೈಠಕ್‌ಗಳಲ್ಲಿ ಇದರ ಜಾಗದಲ್ಲಿ ವಾಹ್ ವಾಹ್, ಕ್ಯಾ ಬಾತ್ ಹೈ ಕೇಳಿಬರುತ್ತವೆ.

ಪಸಂದು (ಪರ್ಷಿಯನ್ ‘ಪಸಂದ್’, ಇಷ್ಟವಾದದ್ದು) ತುಮಕೂರು ಕಡೆ ಹೆಚ್ಚಾಗಿ ತಿನ್ನುವ ಪದಾರ್ಥಕ್ಕೇ ಮೀಸಲು. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಗುರುತಿಸಿ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಪ್ರಚಾರಕ್ಕೆ ತಂದ ‘ಸಿದ್ದು’ ಹಲಸಿನ ತಾಮ್ರಗೆಂಪು ತೊಳೆ ಬಾಯಿಗಿಟ್ಟವರು ‘ಪಸಂದಾಗೈತೆ’ ಎನ್ನುತ್ತಾರೆ. ಅದೇ ಮಾತನ್ನು ಹೊಸ ಟ್ರ್ಯಾಕ್ಟರಿಗೆ ಯಾರೂ ಹೇಳುವುದಿಲ್ಲ. ಅದಕ್ಕೆ ‘ಜೋರಾಗೈತೆ’, ‘ಭರ್ಜರಿಯಾಗೈತೆ’ ಬೇಕು. ಜೋರು ಪರ್ಷಿಯನ್‌ನ ಬಲವಾಚಕ. ಭರ್ಜರಿ ಮರಾಠಿಯ ‘ಭರಜರೀ’, ಮೈತುಂಬ ಜರಿ ನೇಯ್ದ ಬಟ್ಟೆಗೆ ಹೇಳುವ ಮಾತು. ಕನ್ನಡದಲ್ಲಿ ಜರಿ ಮರೆತುಹೋಗಿ ಊಟ, ಮಳೆ, ಗೆಲುವು ಎಲ್ಲವೂ ಭರ್ಜರಿಯೇ.

ಸಖತ್

ಇಂದಿನ ದಕ್ಷಿಣ ಕರ್ನಾಟಕದಲ್ಲಿ ಅತಿ ಹೆಚ್ಚು ಓಡಾಡುವ ಮೆಚ್ಚುಗೆಯ ಪದ ಇದು. ಮೂಲ ಪರ್ಷಿಯನ್‌ನ ‘ಸಖ್ತ್’. ಗಟ್ಟಿ, ಬಿರುಸು, ಕಠಿಣ, ನಿಷ್ಠುರ ಎಂಬುದು ಅದರ ಅರ್ಥ. ಸಂಸ್ಕೃತದ ‘ಸಖ’ನಿಗೂ ಇದಕ್ಕೂ ನಂಟಿಲ್ಲ, ಖಕಾರ ನೋಡಿ ಮೋಸಹೋಗಬಾರದು. ಪದದ ಕೊನೆಯ ಸಂಯುಕ್ತಾಕ್ಷರ ಕನ್ನಡದ ನಾಲಿಗೆಗೆ ಒಗ್ಗದೆ ನಡುವೆ ಅಕಾರ ಬಂದಿದೆ. ಬರಹದಲ್ಲಿ ಸಖತ್, ಸಕತ್, ಸಕ್ಕತ್ ಮೂರೂ ಸಿಗುತ್ತವೆ. ಆಡುವಾಗ ಒತ್ತು ಬೀಳುವುದರಿಂದ ಸಕ್ಕತ್ ಎಂಬುದೇ ಉಚ್ಚಾರಣೆಗೆ ಹತ್ತಿರ. ಮಹಾಪ್ರಾಣ ಬರೆದವರೂ ಉಚ್ಚರಿಸುವುದು ಅಪರೂಪ.

ಗಟ್ಟಿ ಎಂಬ ಅರ್ಥದಿಂದ ಚೆನ್ನ ಎಂಬ ಅರ್ಥಕ್ಕೆ ಬಂದ ದಾರಿಯಲ್ಲಿ ಒಂದು ನಡುಮನೆ ಇದೆ. ಪರ್ಷಿಯನ್ ಉರ್ದುಗಳಲ್ಲೇ ‘ಸಖ್ತ್’ಗೆ ‘ಬಹಳ’ ಎಂಬ ಬಳಕೆ ಇತ್ತು. ಕನ್ನಡದಲ್ಲೂ ‘ಸಖತ್ ಬಿಸಿಲು’, ‘ಸಖತ್ ಕಷ್ಟ’ ಎಂಬಲ್ಲಿ ಅದು ತೀವ್ರತೆಯನ್ನಷ್ಟೇ ಹೇಳುತ್ತದೆ, ಮೆಚ್ಚುಗೆಯ ಸೋಂಕಿಲ್ಲ. ‘ಸಖತ್ ಚೆನ್ನಾಗಿದೆ’ ಎಂಬಲ್ಲಿಯೂ ಮೆಚ್ಚುಗೆ ಇರುವುದು ‘ಚೆನ್ನಾಗಿ’ಯಲ್ಲೇ. ಆ ಎರಡನೆಯ ಪದ ಬಿದ್ದುಹೋಗಿ ‘ಸಖತ್ತಾಗಿದೆ’ ಉಳಿದಾಗ, ಬಿದ್ದ ಪದದ ಅರ್ಥವನ್ನೂ ಇದೇ ಹೊತ್ತುಕೊಂಡಿತು. ಈಗ ಮೂರು ಹಂತಗಳೂ ಒಟ್ಟಿಗೇ ಚಲಾವಣೆಯಲ್ಲಿವೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಂಗಡಿಯ ಮುಂದೆ ನಿಂತವರು ‘ಸಕ್ಕತ್ ರಷ್ಷು’ ಎಂದು ಗೊಣಗಿ, ತಿಂದಾದ ಮೇಲೆ ‘ಸಕ್ಕತ್ತಾಗೈತೆ’ ಎನ್ನಬಲ್ಲರು. ಒಂದೇ ಪದ, ಒಂದು ದೂರು, ಒಂದು ಹೊಗಳಿಕೆ.

ಇದೇ ಬಗೆಯ ಅರ್ಥಪಲ್ಲಟ ಬೇರೆ ಪದಗಳಲ್ಲೂ ನಡೆದಿದೆ. ಉತ್ತರ ಕರ್ನಾಟಕದ ‘ಕಡಕ್’ ಕೂಡ ಗಡುಸಿನಿಂದ ಹೊರಟದ್ದು. ಅದೇ ಸೀಮೆಯ ‘ಮಸ್ತ್’ ಪರ್ಷಿಯನ್‌ನಲ್ಲಿ ಅಮಲೇರಿದವನ ಸ್ಥಿತಿ. ‘ಭಾರಿ’ ತೂಕದ ಪದ, ‘ಜಬರ್ದಸ್ತ್’ ಮೇಲುಗೈ ಎಂಬರ್ಥದ್ದು. ಕರಾವಳಿಯಲ್ಲಿ ‘ಭಯಂಕರ ಒಳ್ಳೇದುಂಟು’ ಎಂದರೆ ಯಾರೂ ಹೆದರುವುದಿಲ್ಲ. ಇಂಗ್ಲಿಷಿನ ಟೆರಿಫಿಕ್ ಎಂಬುದರ ಲ್ಯಾಟಿನ್ ಮೂಲಕ್ಕೂ ಹೆದರಿಸುವುದೆಂದೇ ಅರ್ಥ, ಆಸಮ್ ಎಂಬುದರ ಮೂಲ ಭಯಭಕ್ತಿ. ಮನಸ್ಸನ್ನು ಬಲವಾಗಿ ತಟ್ಟಿದ್ದನ್ನು ಹೇಳಲು ಭಾಷೆಗಳು ಬಲ, ಭಾರ, ಭಯ, ಅಮಲುಗಳ ಪದಗಳನ್ನೇ ಎರವಲು ಪಡೆಯುತ್ತವೆ. ಇಂಪ್ರೆಸ್ ಎಂಬ ಇಂಗ್ಲಿಷ್ ಕ್ರಿಯಾಪದದ ಲ್ಯಾಟಿನ್ ಮೂಲ ಒತ್ತುವುದು, ಅಚ್ಚುಹಾಕುವುದು. ಕನ್ನಡದ ‘ಮನಸ್ಸಿನಲ್ಲಿ ಅಚ್ಚೊತ್ತು’, ‘ಮನಸ್ಸಿಗೆ ನಾಟು’ ಇದರ ಸಮೀಪದವು. ‘ಮಾರುಹೋಗು’, ‘ತಲೆದೂಗು’, ‘ಮೂಗಿನ ಮೇಲೆ ಬೆರಳಿಡು’ ಬೇರೆ ದಾರಿಯವು.

ರಚನೆ

ಉದ್ಗಾರಗಳು ವಾಕ್ಯದೊಳಕ್ಕೆ ಬರುವುದು ಹೆಚ್ಚಾಗಿ ‘ಎನ್ನು’ ಧಾತುವಿನ ಮೂಲಕ: ಭೇಷ್ ಎಂದರು, ಸೈ ಎನಿಸಿಕೊಂಡ, ಶಹಬ್ಬಾಸ್ ಅನ್ನಿಸಿಕೊಂಡಳು. ಇವುಗಳಲ್ಲಿ ‘ಸೈ’ ಅಚ್ಚಗನ್ನಡದ್ದು. ನೇರ, ಸರಿ ಎಂಬರ್ಥದ ಹಳಗನ್ನಡ ‘ಸಯ್’ನ ಇಂದಿನ ರೂಪ. ಒಂಟಿಯಾಗಿ ಕೂಗುವುದು ಕಡಿಮೆಯಾದರೂ ‘ಸೈ ಎನಿಸಿಕೊಳ್ಳು’ ಎಂಬ ನುಡಿಗಟ್ಟಿನಲ್ಲಿ ಗಟ್ಟಿಯಾಗಿ ಕೂತಿದೆ.

ಎರಡನೆಯ ದಾರಿ ‘ಆಗಿ’ ಸೇರಿಸುವುದು. ಶಿಷ್ಟ ಬರಹದ ‘ಸಖತ್ತಾಗಿದೆ’ ತುಮಕೂರು ಸೀಮೆಯಲ್ಲಿ ‘ಸಕ್ಕತ್ತಾಗೈತೆ’. ವ್ಯಂಜನದಲ್ಲಿ ಮುಗಿಯುವ ಎರವಲು ಪದಕ್ಕೆ ಉಕಾರ ಅಥವಾ ದ್ವಿತ್ವ ಬಂದು ಸೂಪ್ರು, ಮಸ್ತು, ಸಕ್ಕತ್ತು ಆಗುತ್ತವೆ. ದ್ವಿರುಕ್ತಿಯೂ ಸಾಮಾನ್ಯ: ಭೇಷ್ ಭೇಷ್, ಭಲೆ ಭಲೆ, ವಾರೆವ್ವಾ. ಸಂಬೋಧನೆ ಅಂಟಿಕೊಂಡಾಗ ಆಪ್ತತೆ ಹೆಚ್ಚುತ್ತದೆ: ಶಹಬ್ಬಾಸ್ ಮಗನೆ, ಸೂಪರ್ ಗುರು, ಸಕ್ಕತ್ ಮಗಾ.

ಒನ್ಸ್ ಮೋರ್

ಹಾಡು ಅಥವಾ ಪದ್ಯ ಮುಗಿದೊಡನೆ ಅದನ್ನು ಮತ್ತೆ ಹಾಡಬೇಕೆಂದು ಪ್ರೇಕ್ಷಕರು ಕೂಗುವ ಇಂಗ್ಲಿಷ್ ನುಡಿ. ಕನ್ನಡ ವೃತ್ತಿರಂಗಭೂಮಿಯಲ್ಲಿ ಇದೊಂದು ಸಂಪ್ರದಾಯವಾಗಿ ಬೆಳೆಯಿತು. ಹೊಗಳಿಕೆ ಮತ್ತು ಬೇಡಿಕೆ ಎರಡೂ ಇದರಲ್ಲಿ ಒಂದೇ ಆಗಿರುವುದು ಇದರ ವೈಶಿಷ್ಟ್ಯ.

ಇಂಗ್ಲೆಂಡಿನ ರಂಗಮಂದಿರಗಳಲ್ಲಿ ಇದೇ ಉದ್ದೇಶಕ್ಕೆ ಕೂಗುವುದು ‘ಆಂಕೋರ್’ ಎಂಬ ಫ್ರೆಂಚ್ ಪದ. ಅದು 18ನೆಯ ಶತಮಾನದ ಆರಂಭದಿಂದಲೂ ರೂಢಿಯಲ್ಲಿದೆ. ಫ್ರೆಂಚರು ಮಾತ್ರ ‘ಎರಡು ಸಲ’ ಎಂಬರ್ಥದ ಲ್ಯಾಟಿನ್ ‘ಬಿಸ್’ ಎಂದು ಕೂಗುತ್ತಾರೆ. ಇಂಗ್ಲಿಷರು ಫ್ರೆಂಚಿನಲ್ಲಿ, ಫ್ರೆಂಚರು ಲ್ಯಾಟಿನ್‌ನಲ್ಲಿ ಕೇಳಿದ್ದನ್ನು ಮರಾಠಿ ಕನ್ನಡ ಪ್ರೇಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು. ಮರಾಠಿ ಸಂಗೀತ ನಾಟಕದ ಆರಂಭವನ್ನು 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದ ‘ಸಂಗೀತ ಶಾಕುಂತಲ’ದಿಂದ ಗುರುತಿಸುತ್ತಾರೆ. ಅದರ ಕರ್ತೃ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಗಾಯಕನಟ ಬಾಲಗಂಧರ್ವರ ಕಾಲಕ್ಕೆ ‘ವನ್ಸ್ ಮೋರ್’ ಆ ರಂಗಭೂಮಿಯ ಗುರುತೇ ಆಗಿತ್ತು.

ಕನ್ನಡದ ಕಡೆ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಈ ಸಂಪ್ರದಾಯದ ದೊಡ್ಡ ನೆಲೆಗಳಲ್ಲಿ ಒಂದು. ಊರದೇವರ ಹೆಸರಿನ ಈ ಕಂಪನಿಗೆ ಬಾಲನಟನಾಗಿ ಸೇರಿದ ಜಿ.ಎಚ್. ವೀರಣ್ಣ (1891-1972) ಮುಂದೆ ಅದರ ಒಡೆಯರಾದರು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದರು. ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ವನ್ನು 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿಸಿದರು.

ಒನ್ಸ್ ಮೋರ್ ನಡೆಯುವ ರೀತಿ ಹೀಗೆ. ಕಂಪನಿ ನಾಟಕದಲ್ಲಿ ಮಾತಿಗಿಂತ ಹಾಡಿಗೆ ತೂಕ ಹೆಚ್ಚು. ನಟನೇ ಹಾಡಬೇಕು. ರಂಗದ ಮುಂದೆ ಕೂತ ಹಾರ್ಮೋನಿಯಂ ಮೇಷ್ಟ್ರು ಕಾಲಿನಿಂದ ತಿದಿ ಒತ್ತುತ್ತ, ಎರಡೂ ಕೈ ಬಿಡುವಾಗಿಟ್ಟುಕೊಂಡು ನುಡಿಸುತ್ತಾರೆ. ಹಾಡು ಮುಗಿದ ಮೇಲೆ ಹಿಂದಿನ ಸಾಲುಗಳಿಂದ ಕೂಗು ಏಳುತ್ತದೆ. ಮೇಷ್ಟ್ರು ಶ್ರುತಿ ಬಿಡದೆ ಹಿಡಿದಿದ್ದರೆ ಮತ್ತೆ ಹಾಡು ಶುರುವಾಗುತ್ತದೆಂದೇ ಅರ್ಥ. ಎದುರು ಪಾತ್ರಧಾರಿ ಅಷ್ಟು ಹೊತ್ತೂ ನಿಂತಲ್ಲೇ ನಿಂತಿರಬೇಕು. ರಾತ್ರಿ ಊಟದ ಮೇಲೆ ಆರಂಭವಾದ ನಾಟಕ ಬೆಳಗಿನ ಜಾವ ಮುಟ್ಟಲು ಇದೂ ಒಂದು ಕಾರಣ. ಸತ್ತು ಬಿದ್ದ ಪಾತ್ರಧಾರಿ ಒನ್ಸ್ ಮೋರ್ ಕೇಳಿ ಎದ್ದು, ಹಾಡಿ, ಮತ್ತೊಮ್ಮೆ ಸತ್ತ ಎಂಬ ಮಾತು ಕಂಪನಿ ನಾಟಕಗಳ ಬಗ್ಗೆ ಎಲ್ಲೆಡೆ ಚಲಾವಣೆಯಲ್ಲಿದೆ.

ಇದು ಕಥೆಯ ಓಟ ಕೆಡಿಸುತ್ತದೆ ಎಂಬ ಆಕ್ಷೇಪ ಕನ್ನಡದ್ದಷ್ಟೇ ಅಲ್ಲ. ಮೊಜಾರ್ಟ್‌ನ ‘ಫಿಗರೊ’ ಗೀತನಾಟಕ ವಿಯೆನ್ನಾದಲ್ಲಿ ಹಾಡುಹಾಡಿಗೂ ಮರುಕೂಗು ಪಡೆದು ಉದ್ದವಾದಾಗ, ಚಕ್ರವರ್ತಿ ಎರಡನೆಯ ಜೋಸೆಫ್ 1786ರ ಮೇ ತಿಂಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕೂಡಿ ಹಾಡುವ ಭಾಗಗಳನ್ನು ಮರಳಿ ಹಾಡಬಾರದೆಂದು ಕಟ್ಟಳೆ ಮಾಡಿದ. ಕನ್ನಡದ ಕಂಪನಿಗಳಿಗೆ ಟಿಕೆಟ್ಟಿನ ದುಡ್ಡೇ ಆಧಾರವಾಗಿದ್ದುದರಿಂದ ಅಂಥ ಕಟ್ಟಳೆ ಕಷ್ಟವಿತ್ತು.

ಕಂಪನಿಗಳು ಕ್ಷೀಣಿಸಿದ ಮೇಲೆ ಈ ಕೂಗು ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಉಳಿಯಿತು. ತುಮಕೂರು ಜಿಲ್ಲೆಯ ಊರುಗಳಲ್ಲಿ ಜಾತ್ರೆ ಹಬ್ಬಗಳ ಸಂದರ್ಭದಲ್ಲಿ ‘ಕುರುಕ್ಷೇತ್ರ’ ಕಟ್ಟುವುದು ಇಂದಿಗೂ ನಡೆದಿದೆ. ದುರ್ಯೋಧನ, ಕರ್ಣ, ಶಕುನಿಯ ಪಾತ್ರಗಳಿಗೆ ಊರಿನ ರೈತರು, ಮೇಷ್ಟ್ರುಗಳು, ಕಾರ್ಖಾನೆ ನೌಕರರು ತಾವೇ ಹಣ ಹಾಕಿ ನಿಲ್ಲುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಇಲ್ಲಿ ಒನ್ಸ್ ಮೋರ್ ಕೂಗುವವರು ಪಾತ್ರಧಾರಿಯ ನೆಂಟರು, ಗೆಳೆಯರು. ಅವರು ಕೂಗಿ ಸುಮ್ಮನಾಗದೆ ವೇದಿಕೆ ಹತ್ತಿ ಹೂವಿನ ಹಾರ, ನೋಟಿನ ಹಾರ ಹಾಕುತ್ತಾರೆ. ಕೊಟ್ಟವರ ಹೆಸರು ಮೈಕಿನಲ್ಲಿ ಕೇಳುತ್ತದೆ. ನಾಟ್ಯಶಾಸ್ತ್ರ ಹೇಳುವ ಮಾತಿನ ಸಿದ್ಧಿ, ಮೈಯ ಸಿದ್ಧಿ ಎರಡೂ ಇಲ್ಲಿ ಒಟ್ಟಿಗಿವೆ.

ಯಾರು ಯಾರಿಗೆ ಹೇಳಬಹುದು

ಮೆಚ್ಚುಗೆಯ ಪದಗಳಿಗೆ ದಿಕ್ಕುಂಟು. ಶಹಬ್ಬಾಸ್ ಮೇಲಿನಿಂದ ಕೆಳಕ್ಕೆ ಹೋಗುವ ಪದ. ಅಜ್ಜ ಮೊಮ್ಮಗನಿಗೆ, ಮೇಷ್ಟ್ರು ಹುಡುಗನಿಗೆ, ಯಜಮಾನ ಕೆಲಸಗಾರನಿಗೆ ಹೇಳಬಹುದು. ಹುಡುಗ ಮೇಷ್ಟ್ರಿಗೆ ಹೇಳಿದರೆ ಅಧಿಕಪ್ರಸಂಗ. ‘ಸಂತೋಷವಾಗಿರು’ ಎಂಬ ಮೂಲದ ಹರಕೆಯ ಧಾಟಿ ಅದರಲ್ಲಿ ಇನ್ನೂ ಉಳಿದಂತಿದೆ. ಜಾಣ, ಜಾಣೆ, ಜಾಣಮರಿ ಕೂಡ ಹೀಗೆಯೇ ಕಿರಿಯರಿಗೆ. ಭೇಷ್ ಹೇಳಲು ವಯಸ್ಸಿಗಿಂತ ವಿಷಯಜ್ಞಾನ ಬೇಕು. ಸಖತ್, ಸೂಪರ್ ಸಮಾನರ ನಡುವಿನವು. ಹಿರಿಯರ ಮಾತೋ ಕೆಲಸವೋ ಹಿಡಿಸಿದರೆ ಉದ್ಗಾರವನ್ನೇ ಬಿಟ್ಟು ‘ಬಹಳ ಚೆನ್ನಾಗಿ ಹೇಳಿದ್ರಿ ಅಣ್ಣ’, ‘ಕೇಳಿ ತುಂಬಾ ಸಂತೋಷ ಆಯ್ತು’ ಎಂದು ಪೂರ್ಣ ವಾಕ್ಯದಲ್ಲಿ ಹೇಳುವುದು ರೂಢಿ.

ವ್ಯಂಗ್ಯಕ್ಕೆ ಒದಗುವುದು ಹಳೆಯ ಪದಗಳೇ. ‘ಐನಾತಿ’ಗೆ ಶ್ರೇಷ್ಠವಾದದ್ದೆಂಬ ಅರ್ಥವಿದ್ದರೂ ‘ಐನಾತಿ ಆಸಾಮಿ’ ಎಂದರೆ ಹುಷಾರಾಗಿರಬೇಕಾದ ಮನುಷ್ಯ. ‘ಭಲೇ ಭೂಪ’ ಹೊಗಳಿಕೆಗಿಂತ ಚುಚ್ಚುಮಾತೇ ಹೆಚ್ಚು. ಒಡ್ಡೋಲಗದ ‘ಬಹುಪರಾಕ್’ ಈಗ ಓಲೈಕೆಗೆ ಪರ್ಯಾಯಪದ.

ಪ್ರಾದೇಶಿಕ ಭೇದ

ಉತ್ತರದಲ್ಲಿ ಮಸ್ತ್, ಭಾರಿ, ಕಡಕ್. ಕುಂದಾಪುರದ ಕನ್ನಡದಲ್ಲೂ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕರ ಮಾತಿನಲ್ಲೂ ‘ಲಾಯ್ಕ’ ಅಥವಾ ‘ಲಾಯಿಕ’. ಇದು ‘ಯೋಗ್ಯ’ ಎಂಬರ್ಥದ ಅರಬ್ಬಿ ‘ಲಾಯಿಕ್’. ಅರಬ್ಬಿ ಮೂಲವೆಂಬ ಗುಮಾನಿಯೂ ಬಾರದಷ್ಟು ಮನೆಮಾತಾಗಿದೆ. ತುಮಕೂರು, ಬೆಂಗಳೂರು ಸುತ್ತ ಸಕ್ಕತ್, ಬೊಂಬಾಟ್, ಐನಾತಿ, ಫಸ್ಟ್ ಕ್ಲಾಸ್. ಕೊನೆಯದು ಪರೀಕ್ಷೆಯ ದರ್ಜೆ ಮತ್ತು ರೈಲಿನ ಡಬ್ಬಿಯಿಂದ ಪರಿಚಿತವಾದದ್ದು. ಅದರ ಜೊತೆಗಾರ ‘ಎ ಒನ್’ ಬಂದದ್ದು ಹಡಗುಗಳ ಯೋಗ್ಯತೆಯನ್ನು ಅಕ್ಷರ, ಅಂಕಿಗಳಲ್ಲಿ ಗುರುತಿಸುತ್ತಿದ್ದ ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್‌ನಿಂದ. ಎ ಎಂಬುದು ಹಡಗಿನ ಒಡಲಿಗೆ, 1 ಎಂಬುದು ಅದರ ಸಲಕರಣೆಗಳಿಗೆ.

ಇಂದಿನ ಸ್ಥಿತಿ

ಸಖತ್ ಪದ ಆಡುಮಾತಿನಿಂದ ಜಾಹೀರಾತಿಗೂ ಮನರಂಜನೆಗೂ ಏರಿದೆ. ಬೆಂಗಳೂರಿನ ರೇಡಿಯೊ ಮಿರ್ಚಿ ‘ಸಖತ್ ಹಾಟ್ ಮಗಾ’ ಎಂಬುದನ್ನು ತನ್ನ ಘೋಷವಾಕ್ಯ ಮಾಡಿಕೊಂಡಿತು. 2017ರಲ್ಲಿ ‘ಭರ್ಜರಿ’, 2021ರಲ್ಲಿ ‘ಸಖತ್’ ಹೆಸರಿನ ಚಲನಚಿತ್ರಗಳು ಬಂದವು. ಶಿಷ್ಟ ಗದ್ಯದಲ್ಲಿ, ಪಠ್ಯಪುಸ್ತಕಗಳಲ್ಲಿ ಸಖತ್ ಪದಕ್ಕೆ ಇನ್ನೂ ಪ್ರವೇಶವಿಲ್ಲ. ಅಲ್ಲಿ ಅದ್ಭುತ, ಅಮೋಘ, ಶ್ಲಾಘನೀಯಗಳದ್ದೇ ಆಳ್ವಿಕೆ.

ಹೊಸ ತಲೆಮಾರಿನಲ್ಲಿ ‘ಬೆಂಕಿ’ ಒಂಟಿ ಉದ್ಗಾರವಾಗಿದೆ: ಆಟಗಾರನ ಸಿಕ್ಸರಿಗೆ, ಚಿತ್ರದ ಟ್ರೇಲರಿಗೆ ‘ಬೆಂಕಿ ಗುರು’. ‘ಫಿದಾ ಆಗು’ ಪತ್ರಿಕೆಗಳ ಸಿನಿಮಾ ಪುಟದಲ್ಲಿ ನೆಲೆಯೂರಿದೆ. ಇದರ ಅರಬ್ಬಿ ಮೂಲಕ್ಕೆ ಬಲಿದಾನವೆಂಬ ಅರ್ಥ. ವಾವ್, ಸೂಪರ್, ಇಂಪ್ರೆಸ್ ಆಗು ಎಂಬವು ನಗರ ಹಳ್ಳಿಗಳೆರಡರಲ್ಲೂ ಕೇಳುತ್ತವೆ. ಭಲೇ, ಭಲಾಗಳು ಶಾಲಾ ವ್ಯಾಕರಣದ ಪಟ್ಟಿಗೆ, ಹರಿಕಥೆಗೆ ಮತ್ತು ಯಕ್ಷಗಾನಕ್ಕೆ ಸರಿಯುತ್ತಿವೆ. ಒನ್ಸ್ ಮೋರ್ ಕೂಗು ಹಳ್ಳಿಯ ನಾಟಕದ ಚಪ್ಪರಗಳಲ್ಲಿ ಕೇಳುವಷ್ಟು ಗಟ್ಟಿಯಾಗಿ ನಗರದ ರಂಗಮಂದಿರಗಳ ಹವ್ಯಾಸಿ ಪ್ರಯೋಗಗಳಲ್ಲಿ ಕೇಳುವುದಿಲ್ಲ. ಅಲ್ಲಿ ನಾಟಕ ಮುಗಿದ ಬಳಿಕದ ಚಪ್ಪಾಳೆ ಅದರ ಜಾಗವನ್ನು ಹಿಡಿದಿದೆ.